ದೂರಿದವನ ಕೈಗೆ ಬಾಣಲೆ

ಉತ್ತರದ ಹಿಮನಾಡಿನ ಲಿಕ್ಸೆಲೆ ಕಾಡಿನಲ್ಲಿ ಮರ ಕಡಿಯುತ್ತಿದ್ದ ನಮ್ಮ ಗುಂಪಿನವರಿಗೆಲ್ಲ ನಾಲಿಗೆ ಇತ್ತು. ಮಾತಾಡಿದವನು ನಾನೊಬ್ಬನೇ. ಅದಕ್ಕೆ ನನಗೆ ಸಿಡುಕ ಎಂಬ ಹೆಸರು ಬಂತು, ಅವರಿಗೆಲ್ಲ ಸಭ್ಯರು ಎಂಬ ಹೆಸರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಡುಗೆ ಸಿಕ್ಸ್ಟೆನ್‌ನದು. ಅವನೂ ಮೊದಲು ಮರ ಕಡಿದವನೇ. ಬೆನ್ನು ಹೋದ ಮೇಲೆ ಗರಗಸ ಬಿಟ್ಟು ಬಾಣಲೆ ಹಿಡಿದ. ಬಾಣಲೆಯೂ ಹೋದರೆ ಅವನಿಗೆ ಕಾಡಿನಲ್ಲಿ ಕೆಲಸವಿಲ್ಲ, ಊರಿನಲ್ಲಿ ಮನೆಯೂ ಇಲ್ಲ. ಮಧ್ಯಾಹ್ನ ಹಿಮದ ಮೇಲೆ ಹಸಿ ದಿಮ್ಮಿ ಹಾಸಿ, ಅದರ ಮೇಲೆ ಬೆಂಕಿ ಹಾಕಿ, ಉದ್ದ ಹಿಡಿಯ ಬಾಣಲೆಯಲ್ಲಿ ಉಪ್ಪು ಹಾಕಿಟ್ಟ ಹಂದಿಮಾಂಸ ಹುರಿದು, ಮೇಲೆ ಹಿಟ್ಟು ಸುರಿದು ದಪ್ಪ ದೋಸೆಯಂಥ ಕೋಲ್‌ಬುಲ್ಲೆ ಹುಯ್ಯುತ್ತಿದ್ದ. ಅದನ್ನು ಗಾಳಿಗೆ ಹಾರಿಸಿ ಮಗುಚುವುದನ್ನು ನೋಡಲು ನಮ್ಮ ಮೇಸ್ತ್ರಿ ಯಾಲ್ಮಾರ್ ಕೂಡ ಮಾತು ನಿಲ್ಲಿಸುತ್ತಿದ್ದ. ಅವನು ಮಾತಾಡುತ್ತಿದ್ದುದೇ ಅಪರೂಪ.

ಒಂದು ವರ್ಷ ಕ್ರಿಸ್‌ಮಸ್ ಕಳೆದು ಸಿಕ್ಸ್ಟೆನ್ ಜ್ವರದಲ್ಲಿ ಮಲಗಿ ಎದ್ದ. ಅಲ್ಲಿಂದಾಚೆ ಅವನ ಕೋಲ್‌ಬುಲ್ಲೆ ಬಾಯಿಗಿಡಲಾಗದಷ್ಟು ಉಪ್ಪು. ಯಾರೂ ತುಟಿ ಬಿಚ್ಚಲಿಲ್ಲ. ಕಾಡಿನ ಕಟ್ಟಳೆ ಹಾಗಿದೆ: ಅಡುಗೆಯನ್ನು ದೂರಿದವನು ಮುಂದೆ ತಾನೇ ಅಡುಗೆ ಮಾಡಬೇಕು. ಎಲ್ಲರೂ ಲಿಂಗಾನ್ ಹಣ್ಣಿನ ಗೊಜ್ಜು ಸುರಿದುಕೊಂಡು ನುಂಗಿದರು. ಗುಂಪಿನಲ್ಲಿ ಕಾಫಿಯ ಖರ್ಚು ಹೆಚ್ಚಾಯಿತು.

ಒಂದು ದಿನ ತಡೆಯಲಾಗದೆ ನನ್ನ ತಟ್ಟೆಯನ್ನು ಬೆಂಕಿಗೆ ಕವುಚಿದೆ.

“ಏನಯ್ಯಾ ಇದು, ಸಮುದ್ರಾನೇ ಕದಡಿ ಹುಯ್ದಿದ್ಯಾ? ಕುದುರೆ ನೆಕ್ಕೋ ಉಪ್ಪಿನ ಗಡ್ಡೆ ಇದಕ್ಕಿಂತ ವಾಸಿ!”

ಯಾಲ್ಮಾರ್ ಕಾಫಿ ಬಟ್ಟಲು ಕೆಳಗಿಟ್ಟು ನನ್ನತ್ತ ಕೈ ತೋರಿಸಿದ. “ರೂನೆ ಬಾಯಿ ಬಿಟ್ಟ. ಬಾಣಲೆ ಅವನಿಗೆ ಕೊಡು.”

“ಸದ್ಯ, ಒಬ್ಬನಾದ್ರೂ ಬಿಟ್ನಲ್ಲ,” ಎಂದ ಸಿಕ್ಸ್ಟೆನ್. “ಜ್ವರ ಬಂದಾಗಿಂದ ನಂಗೆ ರುಚೀನೇ ತಿಳೀತಿಲ್ಲ ಕಣ್ರೋ. ತಟ್ಟೆ ಖಾಲಿ ಆಗ್ತಿತ್ತು, ಸರಿಯಿದೆ ಅಂದ್ಕೊಂಡೆ.”

ಬಾಣಲೆ ಚಾಚಿದ. ಹಿಡಿಯಿಂದ ಬೆರಳು ಬಿಡಿಸಲು ತುಸು ಹೊತ್ತು ಬೇಕಾಯಿತು. “ಚಳಿ,” ಎಂದ.

ನಾನು ಹಿಟ್ಟು ಹುಯ್ದು ಹಾರಿಸಿದೆ. ಅದು ಹೋಗಿ ಹಿಮದಲ್ಲಿ ಬಿತ್ತು, ದುಂಡಗೆ ತೂತು ಕೊರೆದುಕೊಂಡು ಇಳಿಯಿತು. ಎಲ್ಲರೂ ತೂತನ್ನು ನೋಡಿದರು.

“ಇದನ್ನ ತಿನ್ನೋಕೆ ನಾಯಿ ತರ್ಬೇಕಿತ್ತು,” ಎಂದ ಯಾಲ್ಮಾರ್.

“ಈಗ ಅಡುಗೆಯವನು ನಾನೇ ತಾನೇ?” ಎಂದು ಕೂಗಿದೆ. “ಹಾಗಾದ್ರೆ ನಂಗೊಬ್ಬ ಆಳು ಬೇಕು. ಉಪ್ಪು ನೋಡೋನು ನಾನು, ಹುಯ್ಯೋನು ಮಗುಚೋನು ಸಿಕ್ಸ್ಟೆನ್. ಮರಾನೂ ಕಡೀತೀನಿ.”

“ಕಟ್ಟಳೇಲಿ ಹಂಗಿಲ್ಲ.”

“ಹಂಗಾದ್ರೆ ದಿನಾ ಹಿಮದಿಂದ ಹೆಕ್ಕೊಂಡು ತಿನ್ನು!”

ಯಾಲ್ಮಾರ್ ಇನ್ನೊಮ್ಮೆ ತೂತಿನ ಕಡೆ ನೋಡಿದ. “ಆಗ್ಲಿ.”

ಸಿಕ್ಸ್ಟೆನ್ ಬಾಣಲೆ ಹಿಂದಕ್ಕೆ ತೆಗೆದುಕೊಂಡ. ಬೆರಳು ಥಟ್ಟನೆ ಹಿಡಿಗೆ ಸುತ್ತಿಕೊಂಡವು, ಚಳಿ ಮಾತ್ರ ಹಾಗೇ ಇತ್ತು. ತನ್ನ ಪಾಲನ್ನು ಹರಿದು ಅರ್ಧ ನನಗೆ ಕೊಟ್ಟ.

“ತಿನ್ನು. ನಾಳೆ ನಿನ್ನದ್ರಲ್ಲಿ ಅರ್ಧ ಕೊಡು.”

“ಇದೂ ಉಪ್ಪೇನೋ?”

“ನಂಗೇನು ಗೊತ್ತು?”

ಮರುದಿನ ಉಪ್ಪು ಹದವಾಗಿತ್ತು. ಎಷ್ಟೋ ದಿನದ ಹಸಿವು, ಪೂರ್ತಿ ತಿಂದುಬಿಟ್ಟೆ. ಅವನು ತನ್ನ ಅರ್ಧ ಕೇಳಲಿಲ್ಲ. ಇನ್ನೂ ಕೆಲವು ಚಳಿಗಾಲ ನಮಗೆ ಹುಯ್ದು ಹಾಕಿ, ಒಂದು ವಸಂತದಲ್ಲಿ ತೀರಿಕೊಂಡ. ಆ ಅರ್ಧದ ಸಾಲ ನನ್ನ ಮೇಲೆ ಹಾಗೇ ಇದೆ.