ಒಡೆದ ಬಳೆಯ ಅರಗು

ಆಪಾನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಕೆಂಡದ ಮೇಲೆ ಕರಗಿದ ಅರಗನ್ನು ದಿನವಿಡೀ ಹೊಸೆದು ಹೊಸೆದು ಬೆರಳು ಹುಣಸೆ ಬೀಜದಂತೆ ನುಣುಪಾಗಿತ್ತು. ಅಫಜಲಪುರದ ತಹಸೀಲ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸಿದರೆ ಬರೀ ಮಸಿಯ ಮುದ್ದೆ. ಗುಮಾಸ್ತ ಸಿಡುಕಿದ್ದಕ್ಕೆ ಆಕೆ, "ನನ್ನ ಗೆರಿ ಎಲ್ಲಾ ಊರ ಹೆಣ್ಮಕ್ಕಳ ಬಳಿ ಮ್ಯಾಲ ಅದಾವ್ರಿ ಸಾಹೇಬ್ರ, ಹೋಗಿ ಹುಡುಕ್ಕೊಂಡ ಬರ್ರಿ" ಅಂದಿದ್ದಳಂತೆ.

ನಮ್ಮ ಓಣಿಯಲ್ಲಿ ಎದುರು ಮನೆ ಆಕೆಯದು. ನನಗಿಂತ ಹಿರಿಯಳು, ಅದಕ್ಕೇ ನಾನೂ ಅವರ ಮನೆಯವರ ಹಾಗೆ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆ. ಅರಗಿನ ಬಳೆ ಮಾಡುವವರು ಊರಿನಲ್ಲಿ ಆಕೆಯೊಬ್ಬಳೇ ಉಳಿದಿದ್ದಳು. ಬಿಸಿ ಅರಗಿನ ಮೇಲೆ ಜಾಲಿ ಮುಳ್ಳಿನಿಂದ ಜೋಳದ ತೆನೆ, ತೊಗರಿ ಹೂವು ತೀಡುವಳು, ತನ್ನ ಅಜ್ಜಿ ತೀಡುತ್ತಿದ್ದ ಹಾಗೆಯೇ. ಆದರೆ ಕೊಳ್ಳಲು ಹೋದವರಿಗೆ ಸಾಕೋ ಸಾಕು. "ಮುರಿದದ್ದು ತಾ, ಆಮ್ಯಾಲ ಹೊಸಾದು ಕೇಳು" ಎನ್ನುವಳು. ಆ ಚೂರುಗಳನ್ನೇ ಕರಗಿಸಿ ಮತ್ತೆ ಬಳೆ ಮಾಡುವಳು. ಒಂದು ಮನೆಯ ಅರಗನ್ನು ಇನ್ನೊಂದು ಮನೆಯದಕ್ಕೆ ಬೆರೆಸುತ್ತಿರಲಿಲ್ಲ, ಮನೆಗೊಂದು ಕುಡಿಕೆ. ಹೇಳಿದ ದಿನಕ್ಕೆ ಕೊಟ್ಟದ್ದು ಮಾತ್ರ ನಾನು ಕಾಣೆ.

ನನ್ನ ಮಗಳು ಚೊಚ್ಚಲ ಬಸುರಿಯಾದಾಗ ಕುಬಸವನ್ನು, ಸೀಮಂತದ ಶಾಸ್ತ್ರವನ್ನು, ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಹಸಿರು ಗಾಜಿನ ಬಳೆಗಳ ನಡುವೆ ಹಾಕಲು ಒಂದು ಜೊತೆ ಅರಗಿನ ಬಳೆ ಬೇಕು ಎಂದು ಆಪಾನಿಗೆ ಹೇಳಿದೆ. ಆಗ ನನ್ನ ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು. ಶಾಸ್ತ್ರದಲ್ಲಿ ನಾನು ಮಗಳನ್ನು ಮುಟ್ಟುವ ಹಾಗಿಲ್ಲ, ಒಳಗೆ ಕುಳಿತು ಹೋಳಿಗೆ ಬೇಯಿಸಬೇಕು ಅಷ್ಟೇ. ಬಳೆಯಾದರೂ ಚೆಂದದ್ದಿರಲಿ ಎಂಬ ಆಸೆ. ದಿನಾ ಹೋಗಿ ಕೇಳಿದರೆ "ನಾಳೆ ಬಾ ಬೇ." ನನಗೆ ತಲೆ ಕೆಟ್ಟು ಹೋಗುತ್ತಿತ್ತು.

ಕುಬಸದ ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಬಂದಳು. ಬಳೆ ಕೈಗೆ ಬಂದ ಕೂಡಲೇ ಆ ಕಂದು ಬಣ್ಣ ಎಲ್ಲಿಯೋ ನೋಡಿದ ಹಾಗಾಯಿತು.

"ಇದು ಯಾವ ಅರಗು ಆಪಾ?"

"ನಿಂದೇ. ನಿನ್ನ ಗಂಡ ಸತ್ತ ದಿನ ಒಡದ್ರಲ್ಲ, ಆರಿಸಿ ಇಟ್ಟಿದ್ದೆ."

"ನಿನಗ ತಲಿ ನೆಟ್ಟಗದನ? ಮುಂಡಿ ಕೈಯಾಗ ಒಡದ ಬಳಿ ಬಸುರಿ ಕೈಗೆ ಹಾಕ್ತಾರೇನ? ಹೊಟ್ಟ್ಯಾಗಿನ ಕೂಸಿಗೆ ಏನರ ಆದ್ರ?"

"ಅರಗು ಬೆಂಕ್ಯಾಗ ಬಿದ್ದು ಎದ್ದದ. ನಿನ್ನ ಕೈ ಅಂತೂ ಮುಂದ ಬಿಡಂಗಿಲ್ಲ ಇವ್ರು. ನಿನ್ನ ಬಳಿಯರ ಹೋಗ್ಲಿ" ಎಂದವಳೇ ಬಳೆ ಕಸಿದುಕೊಂಡು ಪಡಸಾಲೆಗೆ ನಡೆದಳು. ಕೂಗಿ ತಡೆದರೆ ಬೀಗರಿಗೆ ಗೊತ್ತಾಗುತ್ತದೆ. ನಾನು ಹಲ್ಲು ಕಚ್ಚಿ ಬಾಗಿಲ ಸಂದಿಯಲ್ಲಿ ನಿಂತೆ. ಆಕೆ ಮಗಳ ಕಿವಿಯಲ್ಲಿ ಏನೋ ಉಸುರಿ, ನಗುತ್ತ ಕೈಗೆ ಏರಿಸಿಯೇಬಿಟ್ಟಳು.

ಹೆರಿಗೆಯವರೆಗೆ ನನ್ನ ಕಣ್ಣು ಆ ಬಳೆಯ ಮೇಲೆಯೇ. ಮಗಳ ಕಾಲು ಬಾತರೂ ಬಳೆಯಿಂದಲೇ, ಮೈ ಬೆಚ್ಚಗಾದರೂ ಬಳೆಯಿಂದಲೇ. ತೆಗೆದುಬಿಡು ಎನ್ನಲು ಕಾರಣ ಹೇಳಬೇಕು, ಆ ಕಾರಣ ಬಾಯಿಗೆ ತರುವಂಥದ್ದಲ್ಲ. ಎದುರು ಮನೆಗೆ ಹೋಗಿ ಬೈದರೆ ಆಪಾ ಕೆಲಸದಿಂದ ತಲೆಯೆತ್ತದೆ, "ಬೈಯಿ, ನಿನ್ನ ಬಾಯಿ ಸುಮ್ನ ಕುಂತ್ರ ತುಕ್ಕು ಹಿಡಿತದ" ಎನ್ನುವಳು.

ಕೂಸು ಹುಟ್ಟಿತು. ಹೆಣ್ಣು. ಬೆಣ್ಣೆ ಮುದ್ದೆಯಂಥದ್ದು, ಅತ್ತರೆ ಓಣಿಗೆಲ್ಲ ಕೇಳಬೇಕು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತೊಟ್ಟಿಲ ದಿನ ಅದರ ಕೈಗೆ ಕರಿಬಳೆ ಹಾಕುವ ಹೊತ್ತಿಗೆ ನಾನು ಎಂದಿನಂತೆ ಹಿಂದೆ ಸರಿದೆ. ಮಗಳು ಎಲ್ಲರ ಎದುರು ಕರೆದಳು.

"ಅವ್ವಾ, ನನ್ನ ಕೈಯಾಗಿನ ಬಳಿ ಯಾರ್ದು ಅಂತ ಆಪಾ ಕುಬಸದ ದಿನಾನೇ ಹೇಳ್ಯಾಳ. ನಿನ್ನ ಬಳಿಯಿಂದ ಏನೂ ಆಗಲಿಲ್ಲ, ನಿನ್ನ ಕೈಯಿಂದ ಏನಾಗ್ತದ? ಬಾ, ನೀನೇ ಹಾಕು."

ಅಂದರೆ ಅವರಿಬ್ಬರಿಗೂ ಗೊತ್ತಿತ್ತು. ಅಷ್ಟು ತಿಂಗಳು ನಾನೊಬ್ಬಳೇ ಹೆದರಿ ಸತ್ತಿದ್ದೆ. ಬೀಗಿತ್ತಿ ಮುಖ ತಿರುಗಿಸಿದರು. ನಾನು ಹಾಕಿದೆ. ಆಪಾನನ್ನು ಹಿಡಿದು ಕೂರಿಸಿ ನಾಲ್ಕು ಬೈಗುಳ, ಒಂದು ಒಳ್ಳೆಯ ಮಾತು ಹೇಳಬೇಕೆಂದು ಹುಡುಕಿದರೆ, "ಅರಗು ಆರ್ತದ, ಆಮ್ಯಾಲ ಬಾ" ಎಂದು ಹೊರಟೇ ಹೋದಳು.

ಆ ಆಮೇಲೆ ಬರಲಿಲ್ಲ. ತಾಯಿ-ಮಗುವನ್ನು ಜೇವರ್ಗಿಯ ಬೀಗರ ಮನೆಗೆ ಬಿಟ್ಟು ನಾನು ಮರಳುವಷ್ಟರಲ್ಲಿ ಆಪಾ ಜ್ವರದಲ್ಲಿ ತೀರಿಕೊಂಡು, ಮಣ್ಣೂ ಆಗಿತ್ತು. ಯಾವ ಕುಡಿಕೆ ಯಾವ ಮನೆಯದೆಂದು ತಿಳಿಯದೆ ಆಕೆಯ ಸೊಸೆಯಂದಿರು ಎಲ್ಲವನ್ನೂ ತಿಪ್ಪೆಗೆ ಸುರಿದಿದ್ದರು.

ಮೊಮ್ಮಗಳಿಗೆ ಈಗ ನಾನೇ ಬಳೆ ಹಾಕಬೇಕು, ಬೇರೆ ಯಾರು ಬಂದರೂ ಕೈ ಕೊಡುವುದಿಲ್ಲ. ಆ ಪುಟ್ಟ ಮುಂಗೈ ಹಿಡಿದಾಗಲೆಲ್ಲ ಖುಷಿಗೆ ಉಸಿರು ಕಟ್ಟುತ್ತದೆ, ಹಿಂದೆಯೇ ಆಪಾನ ಮೇಲೆ ಸಿಟ್ಟು ಬರುತ್ತದೆ. ಒಂದು ಗಳಿಗೆ ಕುಳಿತು ನನ್ನ ಮಾತು ಕೇಳಿದ್ದರೆ ಆ ಹೆಂಗಸಿನ ಗಂಟೇನು ಹೋಗುತ್ತಿತ್ತು?