ಟವೆಲ್ ಎಸೆದ ಉಸ್ತಾದರು

ಉಸ್ತಾದರ ಮೂಗಿನಲ್ಲಿ ಮೂಳೆ ಇರಲಿಲ್ಲ. ಹೆಬ್ಬೆರಳಿಟ್ಟು ಒತ್ತಿದರೆ ಅದು ಕೆನ್ನೆಗೆ ಸಮನಾಗಿ ಮಲಗುತ್ತಿತ್ತು, ಬೆರಳು ತೆಗೆದ ಮೇಲೆ ನಿಧಾನಕ್ಕೆ ಎದ್ದು ಕೂರುತ್ತಿತ್ತು. ಎಡಗಿವಿ ಸುಟ್ಟ ಬದನೆಕಾಯಿಯ ಹಾಗೆ ಮುದುಡಿಹೋಗಿತ್ತು. ಎರಡೂ ಹುಬ್ಬುಗಳಲ್ಲಿ ಕೂದಲು ಹುಟ್ಟದ ಗೆರೆಗಳು. ಇಷ್ಟು ಜಜ್ಜಿಹೋದ ಮುಖ ಹೊತ್ತ ಮನುಷ್ಯನ ದನಿ ಮಾತ್ರ ಎಷ್ಟು ಮೆತ್ತಗಿತ್ತೆಂದರೆ, ಅವರ ಟೆಂಪೋ ಹತ್ತಿದ ಮುದುಕಿಯರು ‘ಜೋರಾಗ್ ಮಾತಾಡಪ್ಪ’ ಎಂದು ಗದರುತ್ತಿದ್ದರು.

ಅವರು ಮಿಲಿಟರಿಯಲ್ಲಿ ಬಾಕ್ಸಿಂಗ್ ಆಡಿದವರು. ಬಹಳ ಪಂದ್ಯ ಗೆದ್ದವರೇನಲ್ಲ. ಅವರಿಗೆ ಹೆಸರಿದ್ದದ್ದು ಬೀಳದೆ ಇರುವುದಕ್ಕೆ. ಅವರನ್ನು ಸೋಲಿಸಿದವರೇ ಮರುದಿನ ಕೈಗೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದರಂತೆ. ಪಿಂಚಣಿ ಪಡೆದು ಊರಿಗೆ ಬಂದವರು, ಗಂಜಾಂನಲ್ಲಿ ಮನೆ ಮಾಡಿ, ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಟೆಂಪೋ ಓಡಿಸುತ್ತಿದ್ದರು. ಸಂಜೆ ಗರಡಿಮನೆಯ ಹಿಂದಿನ ಹುಣಸೆಮರಕ್ಕೆ ಮರಳು ತುಂಬಿದ ಗೋಣಿಚೀಲ ತೂಗುಹಾಕಿ ನಮ್ಮಂಥ ಕೆಲವರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದರು. ಬೆಳಗೊಳದಿಂದ ನಾನು ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ. ಆಗ ನನಗೆ ಇಪ್ಪತ್ತು ದಾಟಿತ್ತು; ತೊಂಬತ್ತರ ದಶಕದ ಮೊದಲ ವರ್ಷಗಳು.

"ಒಡೆಯೋದ್ ಆಮ್ಯಾಕ್ ಕಲಿವಂತೆ. ಮೊದ್ಲು ಏಟ್ ತಿನ್ನೋದ್ ಕಲಿ" ಎಂಬುದು ಅವರ ಮೊದಲ ಪಾಠ. ಗದ್ದ ಎದೆಗೊತ್ತಿಕೊಳ್ಳಬೇಕು. ಏಟು ಬರುವಾಗ ಉಸಿರು ಬಿಡಬೇಕು. "ಕಣ್ ಮುಚ್ಬ್ಯಾಡ ಕಣ್ಲಾ. ಕಾಣ್ದಿರೋ ಏಟೇ ಮನುಸನ್ನ ಕೆಡವೋದು." ಹೀಗೆಂದು ಗೋಡೆಗೆ ಬೆನ್ನು ಕೊಟ್ಟು, ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ನಾನು ಹಿಂಜರಿದರೆ "ಮುದ್ದೆ ಉಂಡಿಲ್ವೇನ್ಲಾ? ಒಡಿ" ಎಂದು ರೇಗಿಸುತ್ತಿದ್ದರು. ಹೊಡೆಯುತ್ತಿದ್ದೆ. ಕದಲುತ್ತಿರಲಿಲ್ಲ. ಆದರೆ ಪಾಠ ಮುಗಿದ ಮೇಲೆ ಸ್ವಲ್ಪ ಹೊತ್ತು ಗೋಡೆ ಬಿಡದೆ ನಿಂತಿರುತ್ತಿದ್ದರು. ದಣಿವೆಂದುಕೊಂಡಿದ್ದೆ.

ಮೂರನೆಯ ವರ್ಷ ಮೈಸೂರಿನಲ್ಲಿ ಆಯ್ಕೆ ಪಂದ್ಯ ಬಂತು. ಗೆದ್ದರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸ ಹೆಚ್ಚುಕಡಿಮೆ ಖಾತ್ರಿ. ಗದ್ದೆಯ ಕೆಸರಿನಿಂದ ಒಬ್ಬ ಮಗನಾದರೂ ಮೇಲೇಳಲಿ ಎಂದು ಅಪ್ಪ ಹರಕೆ ಹೊತ್ತಿದ್ದ. ಬಿಳಿ ಪಂಚೆ ಉಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದ.

ಮೊದಲ ಸುತ್ತು ನನ್ನದು. ಎರಡನೆಯದೂ ನನ್ನದೇ ಎಂದುಕೊಂಡಿದ್ದೆ. ಅದರ ಕೊನೆಗೆ ಕಿವಿಯ ಹತ್ತಿರ ಏನೋ ತಗುಲಿತು, ಬೀಳಲಿಲ್ಲ. ಮೂಲೆಗೆ ಬಂದು ಸ್ಟೂಲಿನ ಮೇಲೆ ಕೂತೆ. ಉಸ್ತಾದರು ಮುಖಕ್ಕೆ ನೀರೆರಚಿ ಏನೋ ಕೇಳಿದರು. ನಾನೇನೋ ಹೇಳಿದೆ. ಗಂಟೆ ಹೊಡೆಯಿತು. ಎದ್ದು ಗಟ್ಟಿಯಾಗಿಯೇ ನಡುವಿಗೆ ನಡೆದೆ.

ನನ್ನ ತಲೆಯ ಮೇಲಿಂದ ಬಿಳಿ ಟವೆಲ್ಲೊಂದು ಹಾರಿಬಂದು ಮುಂದೆ ಬಿತ್ತು.

ಜನಕ್ಕೆ ಮೊದಲು ಅರ್ಥವೇ ಆಗಲಿಲ್ಲ. ಟವೆಲ್ ಎಸೆದರೆ ಸೋಲೊಪ್ಪಿಕೊಂಡಂತೆ; ಗೆಲ್ಲುತ್ತಿರುವವನ ಮೂಲೆಯಿಂದ ಅದು ಬರುವುದುಂಟೇ? ರೆಫರಿ ಎದುರಾಳಿಯ ಕೈ ಎತ್ತಿದಾಗ ಕೂಗು ಎದ್ದಿತು. "ಯಾಕೆ ಉಸ್ತಾದ್?" ಎಂದು ಕಿರುಚಿದೆ. "ಸಾಕು ಬೇಟಾ. ಡಾಕ್ಟ್ರ ತಾವ್ ಹೋಗವ ನಡಿ" ಎಂದು ಕೈ ಹಿಡಿದರು. ಕೊಡವಿಕೊಂಡು ಅಪ್ಪನ ಜೊತೆ ಬಸ್ಸು ಹತ್ತಿದೆ.

ನಾವು ಊರು ಸೇರುವ ಮೊದಲೇ ಸುದ್ದಿ ಸೇರಿತ್ತು. ಉಸ್ತಾದ ಎದುರು ಕಡೆಯವರಿಗೆ ಪಂದ್ಯ ಮಾರಿಕೊಂಡಿದ್ದಾನೆ ಎಂದರು. ಅವರ ಧರ್ಮವನ್ನೂ ಎಳೆದು ಆಡಬಾರದ್ದನ್ನು ಆಡಿದರು. ಮಾರನೆಯ ಬೆಳಿಗ್ಗೆ ಅಪ್ಪ ನೇರ ಗರಡಿಗೆ ನುಗ್ಗಿದ. ಹಿಂದೆಯೇ ಓಡಿದೆ. ಪೈಲ್ವಾನರೆಲ್ಲ ನೋಡುತ್ತಿದ್ದಂತೆ ಉಸ್ತಾದರ ಕೆನ್ನೆಗೆ ಬಾರಿಸಿಬಿಟ್ಟ.

ಅವರು ಒಂದು ಕೈ ಎತ್ತಿದ್ದರೆ ಅಪ್ಪ ಅಲ್ಲೇ ಮಣ್ಣು ಮುಕ್ಕುತ್ತಿದ್ದ. ಉಸ್ತಾದರ ಕೈ ಬಿಗಿದದ್ದೂ, ಮತ್ತೆ ಬಿಚ್ಚಿಕೊಂಡದ್ದೂ ನನಗೆ ಕಂಡಿತು.

"ಇನ್ನೊಂದ್ ಒಡೀರಿ ಗೌಡ್ರೆ. ಕ್ವಾಪ ಇಳೀಲಿ" ಎಂದರು.

ಅಪ್ಪ ಇನ್ನೊಮ್ಮೆ ಎತ್ತಿದ ಕೈಯನ್ನು ನಾನು ಹಿಡಿದುಕೊಂಡೆ. ಅಲ್ಲಿಗೆ ಗರಡಿಯೂ ಬಾಕ್ಸಿಂಗೂ ಮುಗಿದವು. ನಾನು ಗದ್ದೆಗಿಳಿದೆ.

ಎರಡು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ, ಉಸ್ತಾದರ ಹೆಂಡತಿ, ನಾವು ಚಾಚಿ ಎನ್ನುತ್ತಿದ್ದವರು, ಏದುಸಿರು ಬಿಡುತ್ತ ನಮ್ಮ ಬಾಗಿಲಿಗೆ ಬಂದು ನಿಂತರು.

"ಬೆಳಿಗ್ಗೆ ಟೆಂಪೋ ತಕಂಡ್ ಹೋದೋರು ಬಂದಿಲ್ಲ. ಈಗೀಗ ದಾರಿ ಮರ್ತೋಯ್ತದೆ ಅವ್ರಿಗೆ. ಒಸಿ ಹುಡ್ಕಪ್ಪ."

ಒಳಗಿಂದ ಅಪ್ಪ, "ಅದ್ಕ್ ನಾವೇನ್ ಮಾಡವ?" ಎಂದ.

ಚಾಚಿಯ ಮುಖ ಕೆಂಪಾಯಿತು. "ಯಾರ್ಗೂ ಏಳ್ಬ್ಯಾಡ ಅಂತ ನನ್ ತಾವ್ ಆಣೆ ಆಕಿಸ್ಕಂಡವ್ರೆ. ಇವತ್ ಏಳ್ಬುಡ್ತೀನಿ. ಅವತ್ ಪಂದ್ಯದಲ್ಲಿ ಸ್ಟೂಲ್ ಮ್ಯಾಲ್ ಕೂತ್ಕಂಡು ನಿಮ್ ಮಗ ಏನಂದ ಗೊತ್ತಾ ಗೌಡ್ರೆ? ನಮ್ಮೋರ್ ಮುಖ ನೋಡ್ಕಂಡು, ‘ಅಪ್ಪಾ, ಕೆಳ್ಗಡೆ ಗದ್ದೆಗ್ ನೀರ್ ತಿರುಗ್ಸಿದ್ಯಾ?’ ಅಂದ. ಅವ್ನ್ಗೆ ತಾನ್ ಎಲ್ಲವ್ನೆ ಅನ್ನೋದೇ ಗೊತ್ತಿರ್ನಿಲ್ಲ."

ಅಪ್ಪ ಎದ್ದು ಬಾಗಿಲಿಗೆ ಬಂದ.

"ಅವತ್ ಮನೀಗ್ ಬಂದು ಅನ್ನ ಮುಟ್ನಿಲ್ಲ. ‘ನಾನೂವೆ ಒಂದ್ಸಲ ಇಂಗೇ ಮಾತಾಡಿದ್ದೆ. ನನ್ ಮೂಲೇಲಿದ್ದೋರು ನಕ್ಬುಟ್ಟು ಮತ್ತೆ ಒಳೀಕ್ ತಳ್ಳುದ್ರು. ಅವತ್ನಿಂದ್ಲೇ ನನ್ ತಲೆ ಸರಿಯಾಗಿಲ್ಲ’ ಅಂದ್ರು. ನಿಜ ಏಳ್ಬುಡಿ ಅಂದೆ. ‘ಬುದ್ಧಿ ಕೆಟ್ಟೋನು ಅಂತ ಸುದ್ದಿಯಾದ್ರೆ ಆ ಹುಡ್ಗುನ್ಗೆ ಹೆಣ್ ಯಾರ್ ಕೊಟ್ಟಾರು? ನನ್ ಬೈಕಳ್ಳಿ ಬುಡು’ ಅಂದ್ಬುಟ್ರು."

ಅಪ್ಪ ಗೂಟದಿಂದ ಅಂಗಿ ಎಳೆದುಕೊಂಡು, "ಗಾಡಿ ತೆಗಿಲಾ" ಎಂದ.

ಪಾಂಡವಪುರದಲ್ಲಿ ಯಾರೂ ಅವರನ್ನು ಕಂಡಿರಲಿಲ್ಲ. ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣಿನ ಗಾಡಿಯವನೊಬ್ಬ, ಖಾಲಿ ಟೆಂಪೋ ಕಿಕ್ಕೇರಿ ಕಡೆ ಹೋಯಿತು ಎಂದ. ಬೈಕಿನ ಹಿಂದೆ ಅಪ್ಪ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದು ಕೂತಿದ್ದ.

ಕಿಕ್ಕೇರಿಯ ಕೆರೆ ಏರಿಯ ಮೇಲೆ ಟೆಂಪೋ ಸಿಕ್ಕಿತು. ಮುಂದಿನ ಒಂದು ಚಕ್ರ ಏರಿಯ ಅಂಚು ದಾಟಿ ನಿಂತಿತ್ತು, ಇಂಜಿನ್ನು ಓಡುತ್ತಲೇ ಇತ್ತು. ಉಸ್ತಾದರು ಸ್ಟೀರಿಂಗ್ ಹಿಡಿದು ನೀರನ್ನೇ ನೋಡುತ್ತಿದ್ದರು. ಕಾಲು ಬ್ರೇಕಿನ ಮೇಲಿತ್ತು, ತೊಡೆ ನಡುಗುತ್ತಿತ್ತು. ಕೂಗಿದರೆ ಬೆಚ್ಚಿ ಕಾಲು ತೆಗೆದಾರೆಂದು ನನಗೆ ಭಯ. ಅಪ್ಪ ನನ್ನನ್ನು ಸನ್ನೆಯಲ್ಲೇ ತಡೆದು, ಮೆಲ್ಲಗೆ ಬಾಗಿಲು ತೆಗೆದು, ಅವರ ಮಡಿಲ ಮೇಲಿಂದ ಕೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದು ಕೀಲಿ ತಿರುಗಿಸಿದ.

ಇಂಜಿನ್ನು ನಿಂತಿತು. ಉಸ್ತಾದರು ತಿರುಗಿ ನೋಡಿ, "ಯಾರು?" ಎಂದರು.

ಅಪ್ಪ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು ಹೇಳಿದ: "ನಾನು... ನಿಮ್ಗೆ ಒಡ್ದೋನು."

ಉಸ್ತಾದರು ಅವನ ಮುಖವನ್ನು ಬಹಳ ಹೊತ್ತು ಹುಡುಕಿದರು. ಆಮೇಲೆ ಮರ್ಯಾದೆಯಿಂದ ಕೇಳಿದರು: "ಬಾಳ ಜನ ಒಡ್ದವ್ರೆ ಸ್ವಾಮಿ. ಅದ್ರಲ್ ನೀವ್ ಯಾರು?"

ಅಪ್ಪ ಅವರ ಎರಡೂ ಕೈ ಹಿಡಿದು ಕೆಳಗಿಳಿಸಿಕೊಂಡ. ಏರಿಯ ಕಲ್ಲಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಆ ಟೆಂಪೋವನ್ನು ನಾನೇ ಓಡಿಸಿದೆ. ಸಂಪಾದನೆ ಚಾಚಿಯ ಕೈಗೆ. ಉಸ್ತಾದರು ನನ್ನ ಪಕ್ಕದ ಸೀಟಿನಲ್ಲಿ ಕೂತು ಹತ್ತಿದವರಿಗೆಲ್ಲ ಸಲಾಮು ಮಾಡುತ್ತಿದ್ದರು. ನಾನು ಯಾರೆಂದು ಅವರಿಗೆ ಕೆಲವು ದಿನ ಗೊತ್ತಿರುತ್ತಿತ್ತು, ಕೆಲವು ದಿನ ಇಲ್ಲ. ಕೊನೆಗೆ ಸ್ವಂತ ಮಗಳ ಹೆಸರೂ ಮರೆತುಹೋಯಿತು. ಒಂದು ರಂಜಾನ್ ತಿಂಗಳಲ್ಲಿ, ನಿದ್ದೆಯಲ್ಲೇ ಹೋದರು. ಖಬರಸ್ಥಾನದವರೆಗೂ ಅಪ್ಪ ಹೆಗಲು ಬದಲಿಸದೆ ನಡೆದ.

ಪೊಲೀಸ್ ಕೆಲಸ ನನಗೆ ಸಿಗಲಿಲ್ಲ. ಆ ಸ್ಟೂಲಿನ ಮೇಲೆ ಕೂತು ಆಡಿದ ಮಾತು ಇವತ್ತಿಗೂ ನನಗೆ ನೆನಪಿಲ್ಲ. ಅಲ್ಲಿಂದೀಚಿನದೆಲ್ಲ ನೆನಪಿದೆ: ನನ್ನ ಮದುವೆ, ಮಗಳು ಮೊದಲು ಆಡಿದ ಮಾತು, ಅಪ್ಪ ತೀರಿಕೊಂಡ ಬೆಳಗು. ಇವೆಲ್ಲ ಉಸ್ತಾದರು ನನಗೆ ಉಳಿಸಿಕೊಟ್ಟವು.