ಡೋಲ್ಫಿ ಟೈಲರರ ವಸಡು

ಡೋಲ್ಫಿ ಟೈಲರರು ಕುವೈತಿನ ಹವಲ್ಲಿಯಲ್ಲಿದ್ದ ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ಇಸಾಬೆಲ್ ಮಂಗಳೂರಿನಲ್ಲಿದ್ದರು. ೧೯೯೦ರ ಆಗಸ್ಟ್‌ನಲ್ಲಿ ಇರಾಕಿನ ಸೈನ್ಯ ಬಂದ ಮೇಲೆ ಡೋಲ್ಫಿಯವರು ಕೆಲಸ ಮಾಡುತ್ತಿದ್ದ ಅಂಗಡಿ ಮುಚ್ಚಿತು, ಹೊಲಿಗೆ ಮಾತ್ರ ನಿಲ್ಲಲಿಲ್ಲ. ಊರಿಗೆ ಹೊರಟವರು ವಿಮಾನ ಹಿಡಿಯಲು ಅಮ್ಮಾನ್‌ವರೆಗೆ ಬಸ್ಸಿನಲ್ಲಿ ಹೋಗಬೇಕಿತ್ತು, ದಾರಿಯುದ್ದಕ್ಕೂ ತಪಾಸಣೆ. ಲಂಗದ ಅಂಚಿನಲ್ಲಿ, ಪ್ಯಾಂಟಿನ ಪಟ್ಟಿಯಲ್ಲಿ ಬಳೆ, ಸರ ಅಡಗಿಸುವ ಕಳ್ಳಜೇಬು ಹೊಲಿಸಲು ಎಲ್ಲರೂ ಅವರ ಬಾಗಿಲಿಗೇ ಬರುತ್ತಿದ್ದರು. ಹೊಲಿದು ಮುಗಿಸಿ ನೂಲನ್ನು ಹಲ್ಲಿನಿಂದ ಕಚ್ಚಿ ತುಂಡರಿಸುವುದು ಅವರ ಅಭ್ಯಾಸ.

ಸೆಪ್ಟೆಂಬರಿನ ಒಂದು ದಿನ ಎದುರುಮನೆಯ ಆಶಾಲತಾ ತಮ್ಮ ಬಿಳಿ ಲಂಗ ಹಿಡಿದು ಬಂದರು.

"ಟೈಲರ್ ಪೊರ್ಬುಗಳೇ, ಜೇಬು ಚಂದ ಆಗಿದೆ. ಈ ಕೆಂಪು ಕಲೆ ಎಂತದ್ದು?"

"ಬೆರಳಿಗೆ ಸೂಜಿ ಚುಚ್ಚಿತು."

"ಮೂವತ್ತು ವರ್ಷ ಹೊಲಿದವರಿಗೆ? ನಿಮ್ಮ ಮಿಷಿನ್ ಈಗ ನಿಮ್ಮನ್ನೇ ಹೊಲಿಯುವುದಾ ಮಾರಾಯ್ರೆ?"

ಡೋಲ್ಫಿ ನಗಲಿಲ್ಲ. ಅಂದಿನಿಂದ ನೂಲಿಗೂ ಕತ್ತರಿ ಹಿಡಿದರು.

ರಕ್ತ ಬಂದದ್ದು ವಸಡಿನಿಂದ. ಬ್ರಶ್ ಮಾಡಿದರೆ ಇನ್ನೂ ಬರುತ್ತದೆಂದು ಮೂರು ವಾರದಿಂದ ಬ್ರಶ್ಶನ್ನೇ ಮುಟ್ಟಿರಲಿಲ್ಲ. ಕೆಳಗಿನ ಒಂದು ಹಲ್ಲು ಅಲ್ಲಾಡುತ್ತಿತ್ತು. ಅವರ ತಂದೆ ತೀರಿಕೊಂಡದ್ದು ಬಾಯಿಯ ಕ್ಯಾನ್ಸರಿನಿಂದ. ಅದೂ ಹೀಗೆಯೇ ರಕ್ತದಿಂದ ಶುರುವಾಗಿತ್ತು. ಒಂದೂವರೆ ವರ್ಷ ಅವರಿಗೆ ಚಮಚದಲ್ಲಿ ಗಂಜಿ ಕುಡಿಸಿದವರು ಇಸಾಬೆಲ್. ಹೆಂಡತಿಗೆ ಮತ್ತೊಮ್ಮೆ ಆ ಕೆಲಸ ಕೊಡಬಾರದು, ಊರಿಗೇ ಹೋಗಬಾರದು ಎಂದು ಡೋಲ್ಫಿ ನಿರ್ಧರಿಸಿಬಿಟ್ಟಿದ್ದರು. ಬಸ್ಸಿಗೆ ಹೆಸರು ಬರೆದುಕೊಳ್ಳುತ್ತಿದ್ದ ನೊರ್ಬರ್ಟ್ ಕೇಳಿದಾಗಲೆಲ್ಲ, "ಈ ಸಲ ಬೇಡ, ಹೊಲಿಗೆ ಉಂಟು" ಎನ್ನುತ್ತಿದ್ದರು.

ನನ್ನ ತಾಯಿ ಕಾರ್ಮೆಲ್ ಹನ್ನೊಂದು ವರ್ಷ ಹಲ್ಲಿನ ಡಾಕ್ಟರರೊಬ್ಬರ ಸಹಾಯಕಿಯಾಗಿದ್ದವರು. ಬಟ್ಟೆ ತರಲು ಹೋದಾಗ ಡೋಲ್ಫಿ ನೂಲು ಕಚ್ಚದೆ ಕತ್ತರಿ ಹುಡುಕುವುದನ್ನು ಕಂಡರು.

"ಹಲ್ಲಿಗೆ ಎಂತ ಆಯಿತು ಡೋಲ್ಫಿಬಾ?"

"ಎಂತ ಇಲ್ಲ ಕಾರ್ಮೆಲ್ ಬಾಯಿ."

"ಬಾಯಿಗೆ ಕೈ ಅಡ್ಡ ಇಟ್ಟು ಹೇಳಿದರೆ ನಂಬಬೇಕಾ? ಕಿಟಕಿ ಹತ್ತಿರ ಬನ್ನಿ."

ಡೋಲ್ಫಿ ಬರಲಿಲ್ಲ. ಮಿಷಿನ್ನನ್ನೇ ನೋಡುತ್ತಾ ತಂದೆಯ ವಿಷಯ ಹೇಳಿದರು. ಅಮ್ಮ ಮೇಲೆ ಬಂದು ಪುಟ್ಟ ಕನ್ನಡಿ ಮತ್ತು ಟಾರ್ಚ್ ಒಯ್ದರು. ಕೆನ್ನೆಯ ಒಳಗೆ, ನಾಲಿಗೆಯ ಅಡಿಯಲ್ಲಿ ಬಹಳ ಹೊತ್ತು ನೋಡಿದರು, ಬೆರಳಿನಿಂದ ಒತ್ತಿದರು.

"ಗಾಯ ಇಲ್ಲ, ಗಂಟು ಇಲ್ಲ. ವಸಡು ಸುತ್ತಲೂ ಬಾತಿದೆ, ಕೊಳೆ ಕಟ್ಟಿದೆ. ನಾನು ಡಾಕ್ಟರ್ ಅಲ್ಲ, ಊರಿನಲ್ಲಿ ತೋರಿಸಲೇಬೇಕು. ಆದರೆ ಅಪ್ಪನ ಕಾಯಿಲೆಯ ಹಾಗೆ ನನಗೆ ಕಾಣುವುದಿಲ್ಲ. ಬೆಳಿಗ್ಗೆ ದವಡೆ ನೋಯುತ್ತದಾ?"

"ನೋಯುತ್ತದೆ."

"ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ. ಇಷ್ಟು ದಿನ ಹೆದರಿಕೆಯಲ್ಲೇ ಇದ್ದರೆ ಮೈಯ ಶಕ್ತಿ ಕುಗ್ಗುತ್ತದೆ, ವಸಡು ಬೇಗ ಕೆಡುತ್ತದೆ. ಅದರ ಮೇಲೆ ಬ್ರಶ್ ಬೇರೆ ಬಿಟ್ಟಿದ್ದೀರಿ. ರಕ್ತ ಬಂದರೂ ಮೆತ್ತಗೆ ಉಜ್ಜಿ, ಉಪ್ಪುನೀರು ಮುಕ್ಕಳಿಸಿ. ನನಗೂ ಆಗಸ್ಟಿನಲ್ಲಿ ರಕ್ತ ಬಂದಿತ್ತು."

"ನಿಮಗೂ?"

ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ ಆಶಾಲತಾ ಹೇಳಿದರು, "ನಮ್ಮವರಿಗೂ ಬರುತ್ತದೆ. ನನಗೆ ಗೊತ್ತಾಗಬಾರದೆಂದು ಬೇಸಿನ್ ತೊಳೆದಿಡುತ್ತಾರೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವರು ಬೇಸಿನ್ ತೊಳೆದದ್ದು ಇದೇ ಮೊದಲು."

ಡೋಲ್ಫಿ ನಕ್ಕರು. ಆಮೇಲೆ ಸ್ಟೂಲಿನ ಮೇಲೆ ಕುಳಿತು ಮುಖ ಒರೆಸಿಕೊಂಡರು.

ಹತ್ತು ದಿನಗಳಲ್ಲಿ ರಕ್ತ ಕಡಿಮೆಯಾಯಿತು. ಅವರಾಗಿಯೇ ನೊರ್ಬರ್ಟನ ಮನೆಗೆ ಹೋದರು.

"ಹಿಂದಿನ ಒಂದೇ ಸೀಟು ಉಳಿದದ್ದು ಡೋಲ್ಫಿಬಾ. ಚಕ್ರದ ಮೇಲೆ. ದಾರಿಯಿಡೀ ಕುಣಿಸುತ್ತದೆ."

"ಕುಣಿಸಲಿ. ನೀನು ಬರೆ."

ಯುದ್ಧ ಮುಗಿದ ಮೇಲೆ ಊರಿಂದ ಬಂದವರ ಕೈಯಲ್ಲಿ ನಮಗೆ ಡೋಲ್ಫಿಯವರ ಕಾಗದ ಬಂತು. ಮಂಗಳೂರಿನ ಡಾಕ್ಟರರು ಎರಡು ಸಲ ಕೂರಿಸಿ ಹಲ್ಲು ಸ್ವಚ್ಛ ಮಾಡಿದ್ದಾರೆ, ಅಲ್ಲಾಡುತ್ತಿದ್ದ ಹಲ್ಲನ್ನು ಕಿತ್ತಿದ್ದಾರೆ, ಬೇರೆ ಕಾಯಿಲೆ ಇಲ್ಲ. ಬರಲು ತಡಮಾಡಿದ ಕಾರಣವನ್ನು ಇಸಾಬೆಲ್‌ಗೆ ಹೇಳಿದ್ದಕ್ಕೆ ಅವರು ಎರಡು ದಿನ ಮಾತು ಬಿಟ್ಟಿದ್ದರಂತೆ. ಮೂರನೆಯ ದಿನ ಗಂಜಿ ಮಾಡದೆ ಬಂಗುಡೆ ಹುರಿದು, ಮುಳ್ಳು ಬಿಡಿಸದೆ ಹಾಗೆಯೇ ಇಡೀ ಮೀನನ್ನು ಬಡಿಸಿದರಂತೆ.